ಮೂರು ಗೀರಿನ ಬಟ್ಟಲು

ಆ ಹಿತ್ತಾಳೆ ಬಟ್ಟಲೆಂದರೆ ಮಾಧುರಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಅಂಚಿಗೆ ಮೂರು ಗೀರು, ಮೈಗೆಲ್ಲ ಕಿಲುಬು. ಸದಾಶಿವ ಪೇಠದ ಎರಡು ಕೋಣೆಯ ಮನೆಯಲ್ಲಿ ಹುಣಸೆಹಣ್ಣು ಹಚ್ಚಿ ತಿಕ್ಕುತ್ತ ಕೂರುವವರು ಯಾರು? ದೀಪಾವಳಿಯ ಮುಂಚೆ, ಹಳೆ ಸೀರೆಗೆ ಹೊಸ ಪಾತ್ರೆ ಕೊಡುವ ಹೆಂಗಸು ಬಂದಾಗ, ಆರು ಸೀರೆಗಳ ಮೇಲೆ ಅದನ್ನೂ ಇಟ್ಟು ಸ್ಟೀಲ್ ಡಬ್ಬಿ ತೆಗೆದುಕೊಂಡಳು. ಬಟ್ಟಲು ಅತ್ತೆ ಶಿವಗಂಗವ್ವನವರ ತವರಿನದು. ಅವರು ಒಳಗೆ ಮಲಗಿದ್ದರು; ಒಂದು ಮಾತು ಕೇಳಬಹುದಿತ್ತು, ಕೇಳಲಿಲ್ಲ.

ಸಂಕ್ರಾಂತಿಗೆ ಅತ್ತೆ ಮಾದಲಿ ಬೇಕೆಂದರು. ಕಣ್ಣು ಹೋಗಿ ನಾಲ್ಕು ವರ್ಷವಾಗಿದ್ದರೂ ನಾಲಿಗೆ ಚುರುಕಾಗಿಯೇ ಇತ್ತು. ಅವರು ಹಿಂದೆ ಬರೆದಿಟ್ಟ ಅಡುಗೆಯ ವಹಿ ತೆರೆದರೆ, ಒಂದು ಸೇರು ಗೋಧಿಗೆ ‘ಅವ್ವನ ಬಟ್ಟಲಲೆ ಎರಡು’ ಬೆಲ್ಲ. ಪುಟ ತಿರುವಿದಲ್ಲೆಲ್ಲ ಅದೇ ಬಟ್ಟಲು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಂದಾಜಿನ ಮೇಲೆ ಮಾಡಿದ ಮಾದಲಿಯನ್ನು ಅತ್ತೆ ಎರಡು ತುತ್ತಿಗೇ ಬಿಟ್ಟರು.

“ಅವ್ವನ ಬಟ್ಟಲ ಎಲ್ಲದ, ಮಾಧುರಿ?”

“ಅಟ್ಟದ ಮ್ಯಾಲ ಇರಬೇಕ್ರಿ ಅತ್ತಿ. ಹುಡುಕತೀನಿ.”

ಅಂದಿನಿಂದ ಪ್ರತಿ ಭಾನುವಾರ ಹಳೆ ಸಾಮಾನಿನ ಸಂತೆ, ಜುನಾ ಬಜಾರ್. ನೆಲಕ್ಕೆ ಹಾಸಿದ ತಾಡಪತ್ರಿಯ ಮೇಲೆ ಚಕ್ಕುಲಿ ಒರಳು, ಅಂಚು ಕಿತ್ತ ಎನಾಮೆಲ್ ತಟ್ಟೆ, ಎಣ್ಣೆ ಕಲೆಯ ಮರಾಠಿ ಅಡುಗೆ ಪುಸ್ತಕ. ಅದರಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರು: ಮಾವನವರಿಗೆ ಉಪ್ಪು ಕಡಿಮೆ. ಬಿಟ್ಟು ಬರಲು ಮನಸ್ಸಾಗದೆ ಕೊಂಡಳು. ಚೌಕಾಸಿಯ ರುಚಿಯೂ ಹತ್ತಿತು. ಒಂದು ಬಟ್ಟಲು ಹುಡುಕಲು ಹೋದವಳು ಅಟ್ಟ ತುಂಬಿಸಿಕೊಂಡಳು. ಆ ಬಟ್ಟಲೊಂದು ಮಾತ್ರ ಸಿಗಲಿಲ್ಲ.

ಯುಗಾದಿ ಹತ್ತಿರ ಬಂದಾಗ ಅಂಥದೇ ಇನ್ನೊಂದು ಸಿಕ್ಕಿತು. ಅದೇ ಗಾತ್ರ, ಅದೇ ತೂಕ. ಒಳಗೆ, ತಳದಲ್ಲಿ ಮಾತ್ರ ‘ಕುಸುಮ’ ಎಂದು ಮರಾಠಿಯಲ್ಲಿ ಕೊರೆದಿತ್ತು. ಕಣ್ಣು ಕಾಣದವರಿಗೆ ಏನು ತಿಳಿದೀತು ಎಂದುಕೊಂಡು, ಬೀಗ ರಿಪೇರಿಯವನಿಂದ ಅಂಚಿಗೆ ಮೂರು ಗೀರು ಹಾಕಿಸಿದಳು. ಮನಸ್ಸು ಚುಚ್ಚಿತು, ಆದರೂ ಹಾಕಿಸಿದಳು.

“ಸಿಕ್ತ್ರಿ ಅತ್ತಿ.”

ಶಿವಗಂಗವ್ವ ಎರಡೂ ಕೈಯಲ್ಲಿ ತೆಗೆದುಕೊಂಡರು. ಹೆಬ್ಬೆರಳು ಅಂಚಿನ ಮೇಲೆ ಸರಿಯಿತು: ಒಂದು, ಎರಡು, ಮೂರು. ಮುಖ ಅರಳಿತು. ಆಮೇಲೆ ಬೆರಳು ತಳಕ್ಕಿಳಿದು ಅಲ್ಲೇ ನಿಂತಿತು.

“ಹೆಸರ ಕೊರಸಾಕ ನಮ್ಮವ್ವನ ಕಡೆ ರೊಕ್ಕ ಇರಲಿಲ್ಲವ್ವಾ,” ಎಂದರು ಮೆಲ್ಲಗೆ. “ಅದಕ್ಕ ಕುಡಗೋಲಲೆ ಮೂರು ಗೀರ ಹಾಕಿದ್ಲು.”

ಮಾಧುರಿಗೆ ಅಳು ತಡೆಯಲಾಗಲಿಲ್ಲ. “ತಪ್ಪಾತ್ರಿ. ನಿಮ್ಮ ಬಟ್ಟಲ ಡಬ್ಬಿಗೆ ಕೊಟ್ಟಬಿಟ್ಟೆ.”

ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಯಾರ ಹೆಸರದ ಇದರೊಳಗ?”

“ಕುಸುಮ ಅಂತ್ರಿ.”

ಶಿವಗಂಗವ್ವ ಹೊಸ ಗೀರುಗಳನ್ನು ಮತ್ತೊಮ್ಮೆ ಸವರಿದರು.

“ನಮ್ಮದು ಹೋತು, ಹೋಗ್ಲಿ. ಪಾಪ, ಆಕೀದ್ಯಾಕ ಕೆಡಿಸಿದಿ?”