ಒಂಬೈನೂರರ ಮನೆಗೆ ಎರಡು ಸಾವಿರದ ಒಲೆ

ನಮ್ಮ ಓಣಿಯಲ್ಲಿ ಹತ್ತು ದಿನದಿಂದ ಗ್ಯಾಸ್ ಇರಲಿಲ್ಲ. ಮೂರು ಕೆ.ಜಿ.ಯ ಹಸಿರು ಸಿಲಿಂಡರ್ ಹೊತ್ತುಕೊಂಡು ಅಂಗಡಿಯಿಂದ ಅಂಗಡಿಗೆ ಅಲೆದು ಎಲ್ಲರ ಸೊಂಟವೂ ಬಿದ್ದುಹೋಗಿತ್ತು. ಇಂಥ ಹೊತ್ತಿನಲ್ಲೇ ನಮ್ಮ ನೆರೆಮನೆಯ ಸುತಿನಾ ಕ್ಲಾತೆನ್ ಊರಿನ ಪೇಟೆಗೆ ಹೋಗಿ ಒಂದು ಇಂಡಕ್ಷನ್ ಒಲೆ ತಂದಳು. ಸುಮ್ಮನೆ ತರಲಿಲ್ಲ, ಓಣಿಯ ಮನೆಮನೆಗೂ ತೋರಿಸಿಕೊಂಡು ತಂದಳು.

"ಎರಡು ಸಾವಿರ ವ್ಯಾಟ್ ಕಣ್ರೇ! ವಿನಾರ್ಸಿ ಮನೇಲಿರೋದು ಬರೀ ಎಂಟುನೂರು. ಅದೇನು ಒಲೆನಾ, ಇಸ್ತ್ರಿಪೆಟ್ಟಿಗೆನಾ?"

ವಿನಾರ್ಸಿ ನಮ್ಮ ಮಹಿಳಾ ಸಂಘದ ಕಾರ್ಯದರ್ಶಿ. ಮನೆಯಲ್ಲೇ ಫ್ಯಾನು, ಮಿಕ್ಸಿ ರಿಪೇರಿ ಮಾಡುತ್ತಾಳೆ. ಅವಳಿಗೆ ಈ ಮಾತು ಕೇಳಿಸಿತು. ಸಿಟ್ಟಾಗಲಿಲ್ಲ.

"ಸುತಿನಕ್ಕ, ನಿಮ್ಮ ಮನೆ ಮೀಟರ್ ಎಷ್ಟರದು ನೋಡಿದ್ರಾ?" ಅಂದಳು.

"ನಾನು ಒಲೆ ಇಡೋದು ಅಡುಗೆಮನೇಲಮ್ಮ, ಮೀಟರ್ ಮೇಲಲ್ಲ!" ಎಂದು ಸುತಿನಾ ಹೊರಟೇಬಿಟ್ಟಳು.

ಬರುವ ಭಾನುವಾರ ಅವಳ ಮಗಳು ಲಸ್ತ್ರಿಯನ್ನು ಕೇಳಲು ಗಂಡಿನ ಕಡೆಯವರು ಬರುವವರಿದ್ದರು. ಹುಡುಗ ಲಸ್ತ್ರಿಗೆ ಮೂರು ವರ್ಷದಿಂದ ಮೆಚ್ಚಿನವನು. ಮಂಗಳವಾರ ಹಡಗಿನ ಕೆಲಸಕ್ಕೆ ಹೊರಟರೆ ಮತ್ತೆ ಬರುವುದು ಎರಡು ವರ್ಷಕ್ಕೆ. ಅಂದರೆ ಭಾನುವಾರವೇ ಮಾತು ಆಗಬೇಕು, ಅದೂ ಮಧ್ಯಾಹ್ನದ ನಮಾಜಿಗೆ ಮೊದಲು. ಹುಡುಗನ ಅಪ್ಪ ಹರ್ಜೊನೊ ಅವರಂತೂ ಹಳೆಯ ಕಾಲದ ಮನುಷ್ಯ. ಬಿಸಿ ಚಹಾ ಮುಂದಿಟ್ಟು ಮನೆಯವರು 'ಕುಡೀರಿ' ಅನ್ನುವವರೆಗೂ ಬಂದ ಕಾರಣ ಬಾಯಿಬಿಡುವವರಲ್ಲ.

ಸುತಿನಾ ಒಲೆಯನ್ನು ಪೆಟ್ಟಿಗೆಯಿಂದ ಹೊರಗೇ ತೆಗೆಯಲಿಲ್ಲ. ಶುಭದಿನದಂದೇ ಮೊದಲ ಸಲ ಹಚ್ಚಬೇಕಂತೆ! ಕೋಳಿ ಸಾರು ಹಿಂದಿನ ದಿನ ಪಕ್ಕದೂರಿನ ಚಿಕ್ಕಮ್ಮನ ಮನೆಯ ಸೌದೆ ಒಲೆಯಲ್ಲಿ ಆಗಿತ್ತು. ಬಿಸಿ ಮಾಡುವುದು, ಚಹಾ ಕಾಸುವುದು, ಇಷ್ಟೇ ಬಾಕಿ.

ಭಾನುವಾರ ಬೆಳಿಗ್ಗೆ ನಾನೂ ಕೈಜೋಡಿಸಲು ಹೋದೆ. ಸುತಿನಾಳ ಅತ್ತೆ ಕಾರ್ಯೆಮ್ ಅಜ್ಜಿ ಒಲೆಯ ಅಡಿಗೆ ಬಾತಿಕ್ ಬಟ್ಟೆ ಮಡಚಿ ಹಾಸಿದ್ದರು.

"ಹೊಸದಾಗಿ ಮನೆಗೆ ಬಂದಿದೆ. ಬರೀ ಕಲ್ಲಿನ ಮೇಲೆ ಕೂರಿಸಿದ್ರೆ ಏನಂದ್ಕೊಳುತ್ತೆ?"

ಸುತಿನಾ ಅಲ್ಯೂಮಿನಿಯಂ ಕೆಟಲಿನಲ್ಲಿ ನೀರು ತುಂಬಿ ಇಟ್ಟು ಗುಂಡಿ ಒತ್ತಿದಳು. ಒಲೆ ಕೀಂ ಕೀಂ ಎಂದು ಕೂಗಿತು. ನೀರು ತಣ್ಣಗೇ ಇತ್ತು.

ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಕೆಲಸ ಇಲ್ಲ, ಬರೀ ಕೂಗಾಟ. ನಿನ್ನ ಮಾವನೂ ಹೀಗೇ ಇದ್ರು ಕಣೆ."

"ಸುಮ್ನಿರಿ ಅತ್ತೆ!" ಸುತಿನಾ ಕೆಟಲ್ ತೆಗೆದು ಕೋಳಿ ಸಾರಿನ ಸ್ಟೀಲ್ ಪಾತ್ರೆ ಇಟ್ಟಳು. ಎರಡು ಸಾವಿರಕ್ಕೇ ಏರಿಸಿದಳು. ಗುರ್ ಎಂದಿತು. ಸುತಿನಾಳ ಮುಖ ಅರಳಿತು. ಅಷ್ಟರಲ್ಲಿ ಟಪ್! ಫ್ಯಾನು ನಿಂತಿತು, ಫ್ರಿಜ್ ನಿಂತಿತು, ಅನ್ನದ ಕುಕ್ಕರಿನ ದೀಪ ಆರಿತು.

ಅವಳ ಗಂಡ ಪೊನಿರಾನ್ ಜಗಲಿಗೆ ಓಡಿದ. ಮೀಟರ್ ಪೆಟ್ಟಿಗೆ ಗೋಡೆಯ ಮೇಲೆ ಎತ್ತರದಲ್ಲಿದೆ. ಪೊರಕೆಯ ಹಿಡಿಯಿಂದ ಸ್ವಿಚ್ ಮೇಲೆ ತಳ್ಳಿದ. ಕರೆಂಟ್ ಬಂತು. ಒಳಗೆ ಸುತಿನಾ ಮತ್ತೆ ಒಲೆ ಹಚ್ಚಿದಳು. ಟಪ್! ಅವನು ಮತ್ತೆ ತಳ್ಳಿದ. ಮೂರನೆಯ ಸಲ ತಳ್ಳುವಾಗ ಹಿಂದಿನಿಂದ "ಸಲಾಂ" ಅಂತ ಕೇಳಿಸಿತು. ರೇಷ್ಮೆಯಂಥ ಅಂಗಿ ತೊಟ್ಟ ಹರ್ಜೊನೊ, ಅವರ ಹೆಂಡತಿ, ಮಗ, ಹಣ್ಣಿನ ಬುಟ್ಟಿ ಹಿಡಿದ ಹತ್ತು ಜನ ನೆಂಟರು. ಹೆಣ್ಣಿನ ತಂದೆ ಪೊರಕೆ ಎತ್ತಿ ನಿಂತಿದ್ದಾನೆ!

"ಜೇಡರ ಬಲೆ ತೆಗೀತಿದ್ದೆ," ಅಂದ ಪೊನಿರಾನ್.

"ಒಳ್ಳೇ ಅಭ್ಯಾಸ," ಅಂದರು ಹರ್ಜೊನೊ.

ಆಮೇಲೆ ಮಾತು ಶುರುವಾಯಿತು. ಮಳೆಯ ಮಾತಾಯಿತು. ಮಾವಿನಕಾಯಿಯ ಮಾತಾಯಿತು. ದಾರಿಯ ಗುಂಡಿಗಳ ಮಾತು ಎರಡು ಸಲ ಆಯಿತು. ಚಹಾ ಬರಲಿಲ್ಲ, ಮುಖ್ಯ ಮಾತೂ ಬರಲಿಲ್ಲ. ನಡುನಡುವೆ ಫ್ಯಾನು ನಿಲ್ಲುವುದು, ಪೊನಿರಾನ್ ಏಳುವುದು, ಜೇಡ ಹುಡುಕುವುದು. ಹುಡುಗ ಗಡಿಯಾರ ನೋಡುತ್ತಿದ್ದ.

"ನಾನು ವಿನಾರ್ಸಿನ ಕರ್ಕೊಂಡು ಬರ್ತೀನಿ," ಅಂದೆ ಅಡುಗೆಮನೆಯಲ್ಲಿ ಸುತಿನಾಳಿಗೆ.

"ಬೇಡ ಕಣೇ! ಅವಳ ಒಲೆನ ಇಸ್ತ್ರಿಪೆಟ್ಟಿಗೆ ಅಂದಿದ್ದೀನಿ. ಯಾವ ಮುಖ ಇಟ್ಕೊಂಡು ಕರೀಲಿ?"

ಲಸ್ತ್ರಿ ಬಾಗಿಲಲ್ಲಿ ನಿಂತಿದ್ದಳು. ಕಾಡಿಗೆ ಕರಗಿ ಕೆನ್ನೆಗೆ ಇಳಿದಿತ್ತು. "ಅಮ್ಮಾ, ನಿನ್ನ ಮುಖ ದೊಡ್ಡದೋ, ನನ್ನ ಎರಡು ವರ್ಷ ದೊಡ್ಡದೋ?"

ಸುತಿನಾ ಸೆರಗಿಗೆ ಕಣ್ಣೊರೆಸಿಕೊಂಡು ತಲೆ ತಗ್ಗಿಸಿದಳು. ನಾನು ಓಡಿದೆ.

ವಿನಾರ್ಸಿ ಹಿತ್ತಲ ಬಾಗಿಲಿನಿಂದ ಬಂದಳು. ಮೊದಲು ಅಜ್ಜಿಯ ಬಾತಿಕ್ ಎಳೆದು ತೆಗೆದಳು.

"ಅಜ್ಜಿ, ಇದು ಅಡಿಯಿಂದ ಉಸಿರಾಡುತ್ತೆ. ಬಟ್ಟೆ, ಪೇಪರ್ ಹಾಸಿದ್ರೆ ಉಸಿರು ಕಟ್ಟಿ ಸುಟ್ಟುಹೋಗುತ್ತೆ. ಗೋಡೆಗೂ ಒತ್ತಿ ಇಡಬಾರ್ದು." ಆಮೇಲೆ ಸುತಿನಾಳ ಕಡೆ ತಿರುಗಿದಳು. "ಅಕ್ಕ, ನಿಮ್ಮ ಮೀಟರ್ ಒಂಬೈನೂರರದು. ಮನೆಯಲ್ಲಿ ಉರಿಯೋದೆಲ್ಲ ಸೇರಿ ಅಷ್ಟೇ ಕೊಡುತ್ತೆ. ನೀವು ಒಲೆಗೇ ಎರಡು ಸಾವಿರ ಕೇಳ್ತಿದ್ದೀರಿ. ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲ!"

"ಹಾಗಾದ್ರೆ ಕಡಿಮೆಗಿಡೋಣ," ಎಂದು ಸುತಿನಾ ಆರುನೂರಕ್ಕೆ ಇಳಿಸಿದಳು. ಒಲೆ ಗುರ್ ಅಂದಿತು, ನಿಂತಿತು, ಗುರ್ ಅಂದಿತು. ಟಪ್! ಜಗಲಿಯಿಂದ ಪೊನಿರಾನನ ಕುರ್ಚಿ ಸರಿದ ಸದ್ದು.

"ಕೇಳಿದ್ರಾ? ಆರುನೂರು ಅಂತ ಬರೀ ಬರ್ಕೊಂಡಿದೆ. ಒಂದ್ಸಲ ಜಾಸ್ತಿ ಎಳೆಯೋದು, ಬಿಡೋದು, ಮತ್ತೆ ಎಳೆಯೋದು. ಎಲ್ಲಾ ಒಲೆ ಹೀಗಿರಲ್ಲ. ಕಡಿಮೆಗಿಟ್ರೆ ಒಂದೇ ಸಮ ಕಡಿಮೆ ಎಳೆಯೋದನ್ನ ನೋಡಿ ತರಬೇಕು." ವಿನಾರ್ಸಿ ಹಿತ್ತಲಿಗೆ ಹೋಗಿ ಚೀಲದಲ್ಲಿ ತಂದಿಟ್ಟಿದ್ದ ತನ್ನ ಎಂಟುನೂರರ ಪುಟ್ಟ ಒಲೆ ತಂದಳು. ಸುತಿನಾ ತನ್ನ ದೊಡ್ಡ ಒಲೆ ಎತ್ತಿ ಪಕ್ಕಕ್ಕಿಟ್ಟಳು. ವಿನಾರ್ಸಿ ಇಸ್ತ್ರಿಪೆಟ್ಟಿಗೆಯ ಮಾತೆತ್ತಲಿಲ್ಲ. ದೊಡ್ಡ ಗುಣ.

ಅನ್ನದ ಕುಕ್ಕರಿನ ಪ್ಲಗ್ ಕಿತ್ತಳು, ನೀರೆತ್ತುವ ಪಂಪು ಆರಿಸಿದಳು. ಎಕ್ಸ್‌ಟೆನ್ಶನ್ ವೈರು ಬೇಡವೆಂದು ನೇರ ಗೋಡೆಯ ಪ್ಲಗ್ಗಿಗೇ ಒಲೆ ಸಿಕ್ಕಿಸಿ ಆರುನೂರಕ್ಕಿಟ್ಟಳು. ಇನ್ನು ಪಾತ್ರೆ ಬೇಕು. ಸ್ಟೀಲ್ ಪಾತ್ರೆಯ ತುಂಬ ಕೋಳಿ. ಅದರಲ್ಲೇ ಚಹಾ ಕಾಸಿದರೆ ಸಂಬಂಧ ಅಲ್ಲಿಗೇ ಮುಗಿಯುತ್ತಿತ್ತು.

ವಿನಾರ್ಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಮೀನಿನ ಆಕಾರದ ಆಯಸ್ಕಾಂತ ಕಿತ್ತುಕೊಂಡು ಪಾತ್ರೆಗಳ ತಳ ಮುಟ್ಟಿಸುತ್ತಾ ಹೋದಳು. ಕೆಟಲಿಗೆ ಹಿಡಿಯಲಿಲ್ಲ. ಮಣ್ಣಿನ ಮಡಕೆಗೆ ಹಿಡಿಯಲಿಲ್ಲ. ಕಬ್ಬಿಣದ ಬಾಣಲೆಗೆ ಹಿಡಿಯಿತು, ಆದರೆ ತಳ ಗುಂಡಗೆ. ಒಲೆಯ ಮೇಲೆ ತೊಟ್ಟಿಲಿನ ಹಾಗೆ ತೂಗಾಡಿತು.

"ಆಯಸ್ಕಾಂತ ಗಟ್ಟಿ ಹಿಡೀಬೇಕು, ತಳ ಚಪ್ಪಟೆ ಇರಬೇಕು. ಎರಡೂ ಬೇಕು," ಎನ್ನುತ್ತಾ ಅತ್ತಿತ್ತ ನೋಡಿ, ಅಟ್ಟದ ಮೇಲಿದ್ದ ಹಸಿರು ಚುಕ್ಕೆಯ ಎನಾಮಲ್ ಪಾತ್ರೆ ಇಳಿಸಿದಳು. ಒಳಗೆ ಅಜ್ಜಿಯ ಮೆಣಸಿನ ಬೀಜ. ಮೀನು ತಳಕ್ಕೆ ಟಕ್ ಎಂದು ಅಂಟಿತು.

"ಮುಟ್ಬೇಡ್ರೇ ಅದನ್ನ! ನನ್ನ ಮದುವೇದು," ಅಂದರು ಅಜ್ಜಿ.

"ಅಜ್ಜಿ, ಈ ಮನೇಲಿ ಈ ಹೊತ್ತಿಗೆ ಕೆಲಸಕ್ಕೆ ಬರೋ ಪಾತ್ರೆ ಇದೊಂದೇ."

ಅಜ್ಜಿ ತಾವೇ ಬೀಜ ಸುರಿದು, ಪಾತ್ರೆ ತೊಳೆದು, ತಮ್ಮ ಕೈಯಾರೆ ಒಲೆಯ ಮೇಲಿಟ್ಟರು. ಸ್ವಲ್ಪ ಹೊತ್ತಿಗೆ ನೀರು ಮರಳಿತು. ಫ್ಯಾನು ನಿಲ್ಲಲಿಲ್ಲ. "ನೋಡಿದ್ರಾ ನನ್ನ ಪಾತ್ರೆ!" ಎಂದು ಅಜ್ಜಿ ಒಲೆಗೆ ಸಲ್ಲಬೇಕಾದ ಹೊಗಳಿಕೆಯನ್ನೂ ತಾವೇ ತೆಗೆದುಕೊಂಡರು. ಪಾತ್ರೆ ಇಳಿಸಿ ಒಲೆಯ ಗಾಜು ಒರೆಸಲು ಕೈ ಚಾಚಿದಾಗ ವಿನಾರ್ಸಿ ತಡೆದಳು.

"ಈಗ್ಲೇ ಬೇಡ. ಬೆಂಕಿ ಕಾಣದಿದ್ರೂ ಗಾಜು ಸುಡುತ್ತೆ. ಒಳಗಿನ ಫ್ಯಾನ್ ನಿಂತ ಮೇಲೆ ಪ್ಲಗ್ ಕೀಳಿ."

ಲಸ್ತ್ರಿ ಮುಖ ತೊಳೆದು ಚಹಾ ತೆಗೆದುಕೊಂಡು ಹೋದಳು. "ಕುಡೀರಿ," ಅಂದ ಪೊನಿರಾನ್, ಜೀವ ಬಂದವನ ಹಾಗೆ. ಹರ್ಜೊನೊ ಒಂದು ಗುಟುಕು ಕುಡಿದು, ಲೋಟ ಇಳಿಸಿ, ಗಂಟಲು ಸರಿಮಾಡಿಕೊಂಡರು.

"ನಾವು ಬಂದಿದ್ದು ಯಾಕಂದ್ರೆ, ನಮ್ಮ ಹುಡುಗನಿಗೆ ನಿಮ್ಮ ಮಗಳನ್ನ..."

"ಹೂಂ," ಅಂದಳು ಲಸ್ತ್ರಿ.

ಅಪ್ಪ ಇನ್ನೂ ಬಾಯಿ ತೆರೆದಿರಲಿಲ್ಲ. ಹರ್ಜೊನೊ ಮಾತೂ ಮುಗಿದಿರಲಿಲ್ಲ. ಮೊದಲು ನಕ್ಕವರು ಹರ್ಜೊನೊ ಅವರೇ. ಆಮೇಲೆ ಜಗಲಿಯೆಲ್ಲ ನಕ್ಕಿತು. ಸುತಿನಾ ಒಳಗೆ ವಿನಾರ್ಸಿಯನ್ನು ತಬ್ಬಿಕೊಂಡು ಅತ್ತಳು. ನನಗೂ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ?

ಮರುದಿನ ಸುತಿನಾ ದೊಡ್ಡ ಒಲೆ ಹಿಂದಿರುಗಿಸಿ ಎಂಟುನೂರರದು ತಂದಳು. ಅಂಗಡಿಯವನ ಮುಂದೆಯೇ ನೀರಿಟ್ಟು, ಕಡಿಮೆಗೆ ತಿರುಗಿಸಿ, ಕಿವಿಗೊಟ್ಟು ಕೇಳಿ ತಂದಳು.

ತಾಯಂದಿರೇ, ಅಣ್ಣಂದಿರೇ, ನೀವೂ ಈ ಒಲೆ ಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ಅಂಗಡಿಗೆ ಹೋಗುವ ಮೊದಲು ಆಯಸ್ಕಾಂತ ಹಿಡಿದು ಅಡುಗೆಮನೆ ಸುತ್ತಿ ಬನ್ನಿ. ಮನೆಯಲ್ಲಿ ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರಿದ್ದರೆ ವೈದ್ಯರನ್ನು ಕೇಳಿ. ತಂದ ದಿನವೇ ಹಚ್ಚಿ ನೋಡಿ, ಶುಭದಿನಕ್ಕೆ ಕಾಯಬೇಡಿ. ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಕೇಳಿ, ನಿನ್ನೆ ಅವರ ಜೊತೆ ಜಗಳವಾಡಿದ್ದರೂ ಸರಿ. ಅಂದ ಹಾಗೆ, ನಿಮ್ಮ ಮನೆಯ ಮೀಟರ್ ಎಷ್ಟರದು? ಬಾಯಿಗೆ ಉತ್ತರ ಬರಲಿಲ್ಲವಾದರೆ ಈ ಕಾಗದ ಕೆಳಗಿಟ್ಟು, ಎದ್ದು ಹೋಗಿ ನೋಡಿ.