ಹತ್ತು ಬೆರಳು

ಸೈಲಸ್ ಶವಪೆಟ್ಟಿಗೆಯ ಹಿಡಿಕೆಗೆ ಕೈ ಹಾಕಿದ್ದೇ ತಡ, ಲವೀನಿಯಾ ಅವನ ಮಣಿಕಟ್ಟು ಹಿಡಿದು ಪಕ್ಕಕ್ಕೆ ಎಳೆದಳು.

"ನೀನು ಹೊರೋದು ಬೇಡ. ನಮ್ಮಕ್ಕ ಬದುಕಿದ್ದಾಗ ಊರೆಲ್ಲ ಆಡಿಕೊಂಡಿದ್ದು ಸಾಲದಾ?"

ಸೈಲಸ್ ಹಿಂದೆ ಸರಿದ. ಅವನ ಜಾಗಕ್ಕೆ ಕಟುಕನ ಅಂಗಡಿಯವನು ಬಂದ. ಹೆಸ್ಟರ್ ವಾರ್ಡಲ್ ನಲವತ್ತು ವರ್ಷ ನಡೆಸಿದ ಫೋಟೋ ಸ್ಟುಡಿಯೋದ ಬಾಗಿಲಿನಿಂದ ಅವಳ ಪೆಟ್ಟಿಗೆ ಓರೆಯಾಗಿ ಹೊರಗೆ ಬಂತು.

"ಮಂಗಳವಾರದ ಗಂಡ," ಎಂದು ಬೇಕರಿಯ ಡೋರ್ಕಸ್ ಪಕ್ಕದವಳ ಕಿವಿಯಲ್ಲಿ ಉಸುರಿದಳು. "ಯುದ್ಧದ ಕಾಲದಲ್ಲಿ ಪ್ರತಿ ಮಂಗಳವಾರ ಸಂಜೆ ಬರೋನು. ಬಂದ ತಕ್ಷಣ ಪರದೆ ಎಳೆಯೋರು. ಮದುವೇನೂ ಆಗ್ಲಿಲ್ಲ, ಬಿಡ್ಲೂ ಇಲ್ಲ. ಏನಂತ ತಿಳ್ಕೋಬೇಕು ಹೇಳು?"

ಏನಂತ ತಿಳಿಯಬೇಕೋ ಅದನ್ನು ಹಾಲ್ಕೂಂಬ್ ಊರು ಯಾವತ್ತೋ ತಿಳಿದುಕೊಂಡಿತ್ತು. ಆ ಊರಿನಲ್ಲಿ ಏನಕ್ಕೆ ಬರವಿದ್ದರೂ ಅನುಮಾನಕ್ಕೆ ಇರಲಿಲ್ಲ. ಎದೆ ಸರಿಯಿಲ್ಲವೆಂದು ಸೈನ್ಯದವರು ಸೈಲಸ್‌ನನ್ನು ವಾಪಸ್ ಕಳಿಸಿದ್ದಕ್ಕೇ ಹೆಂಗಸರು ನಡುಬೀದಿಯಲ್ಲಿ ಅವನ ಕೋಟಿಗೆ ಹೇಡಿಯ ಬಿಳಿ ಗರಿ ಸಿಕ್ಕಿಸಿದ್ದರು. ಚರ್ಚಿನ ಶಾಲಾಕೋಣೆಯನ್ನು ಊರ ಹೆಂಗಸರೇ ಆಸ್ಪತ್ರೆ ಮಾಡಿ ಗಾಯಾಳು ಸೈನಿಕರನ್ನು ನೋಡಿಕೊಳ್ಳುತ್ತಿದ್ದಾಗ, ಅಲ್ಲಿ ನೀರು ಹೊರಲು ಮಾತ್ರ ಅವನು ಬೇಕಾಗಿದ್ದ.

ಅಷ್ಟರಲ್ಲಿ ಸ್ಟೇಷನ್ ಕಡೆಯಿಂದ ಒಬ್ಬ ಮುದುಕಿ ಏದುಸಿರು ಬಿಡುತ್ತ ಬಂದಳು. "ಹೆಸ್ಟರ್ ವಾರ್ಡಲ್ ಅನ್ನೋರ ಮನೆ ಯಾವುದು?"

ಡೋರ್ಕಸ್ ಪೆಟ್ಟಿಗೆಯ ಕಡೆ ಗದ್ದ ತೋರಿಸಿದಳು. "ಅಗೋ, ಹೊರಟರು."

ಮುದುಕಿ ಅಲ್ಲೇ ಮೆಟ್ಟಿಲ ಮೇಲೆ ಕುಸಿದಳು. ಅವಳ ಚೀಲದಲ್ಲಿ ಒಂದು ಹಳೆಯ ಫೋಟೋ ಇತ್ತು, ಜೊತೆಗೆ ಹೆಸ್ಟರ್ ಹೋದ ವಾರ ಬರೆದ ಕಾಗದವಿತ್ತು: 'ಬರೆಯುವ ಮಾತಲ್ಲ. ಬನ್ನಿ, ಎದುರಿಗೇ ಹೇಳುತ್ತೇನೆ.'

*

ಆ ಫೋಟೋ ಓಲ್ಡಂ ಎಂಬ ಗಿರಣಿ ಊರಿನ ಈ ಮುದುಕಿ, ಆಗ್ನೆಸ್ ಪಿಲ್ಲಿಂಗ್‌ಳ ಮನೆಗೆ ಬಂದದ್ದು ಹದಿನೆಂಟು ವರ್ಷದ ಕೆಳಗೆ, ಮಹಾಯುದ್ಧ ಮುಗಿಯುವುದಕ್ಕೆ ಒಂದು ತಿಂಗಳ ಮುಂಚೆ. ಮಗ ಕ್ಲೆಮ್ ಆಸ್ಪತ್ರೆಯ ನೀಲಿ ಬಟ್ಟೆ, ಕೆಂಪು ಟೈ ಹಾಕಿಕೊಂಡು, ಎರಡು ಕೈಯನ್ನೂ ಮೊಣಕಾಲ ಮೇಲಿಟ್ಟು ಕೂತಿದ್ದ. ಜೊತೆಗಿದ್ದ ಕಾಗದ ಯಾರದೋ ಅಕ್ಷರದಲ್ಲಿತ್ತು. 'ನೀನು ಬರಬೇಡಮ್ಮ, ನಾನೇ ಬರ್ತೀನಿ.'

ಆಗ್ನೆಸ್ ಫೋಟೋವನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಬೆರಳು ಎಣಿಸಿದಳು. ಹತ್ತಿದ್ದವು, ಹತ್ತೂ ಪೂರ್ತಿಯಾಗಿದ್ದವು. ಹದಿಮೂರನೇ ವಯಸ್ಸಿನಲ್ಲೇ ಹತ್ತಿಗಿರಣಿಯ ಯಂತ್ರ ಕ್ಲೆಮ್‌ನ ಎಡಗೈ ಕಿರುಬೆರಳನ್ನು ಅರ್ಧಕ್ಕೆ ಕತ್ತರಿಸಿತ್ತು.

ಮುಂದಿನ ತಿಂಗಳು ಜ್ವರದಿಂದ ಸತ್ತನೆಂದು ಪೆಟ್ಟಿಗೆ ಬಂತು. ಸೋಂಕು, ತೆರೆಯಬೇಡಿ ಎಂದರು. ಆಗ್ನೆಸ್ ಮಣ್ಣು ಹಾಕಿದಳು, ನಂಬಲಿಲ್ಲ. ಮುಖ ಹೋಲುವ ಯಾರನ್ನೋ ಕ್ಲೆಮ್ ಅಂದುಕೊಂಡಿದ್ದಾರೆ, ನನ್ನ ಮಗ ಇನ್ನೆಲ್ಲೋ ಇದ್ದಾನೆ. ಅಂದಿನಿಂದ ಅವಳು ಹಿಂಬಾಗಿಲ ಚಿಲಕ ಹಾಕಿ ಮಲಗಿದವಳಲ್ಲ. ಹೋದ ತಿಂಗಳು ಫೋಟೋದ ಹಿಂದಿನ ರಟ್ಟು ಕಳಚಿ ಬಂದು, ಅಡಿಯಲ್ಲಿ ಹೆಸ್ಟರ್‌ಳ ಸ್ಟುಡಿಯೋದ ಮುದ್ರೆ ಕಂಡಾಗ, ಇವನ್ಯಾರೆಂದು ಕೇಳಿ ಕಾಗದ ಬರೆದಳು.

*

ಮಣ್ಣು ಮುಗಿಸಿ ಎಲ್ಲರೂ ಅದೇ ಶಾಲಾಕೋಣೆಗೆ ಚಹಾಕ್ಕೆ ಬಂದರು. ಆಗ್ನೆಸ್ ಫೋಟೋವನ್ನು ಲವೀನಿಯಾಳ ಮುಂದೆ ಹಿಡಿದಳು.

"ಇದು ನಿಮ್ಮಕ್ಕ ತೆಗೆದಿದ್ದು. ಇವನ್ಯಾರು?"

"ನನಗೇನು ಗೊತ್ತಮ್ಮಾ? ಈಗ ಇವನನ್ನೂ ನಮ್ಮಕ್ಕನ ಕೊರಳಿಗೆ ಕಟ್ಟೋಕೆ ಬಂದ್ರಾ?"

"ಕಟ್ಟೋಕಲ್ಲ, ಕೇಳೋಕೆ ಬಂದೆ. ನನ್ನ ಮಗ ಬದುಕಿದ್ದಾನಾ ಇಲ್ವಾ, ಅಷ್ಟು ಹೇಳೋರು ಈ ಊರಲ್ಲಿ ಯಾರೂ ಇಲ್ವಾ?"

ಬಾಗಿಲ ಬಳಿ ಯಾರಿಂದಲೂ ಚಹಾ ಸಿಗದೆ ನಿಂತಿದ್ದ ಸೈಲಸ್, ಟೋಪಿಯನ್ನು ಎದೆಗೆ ಹಿಡಿದು ಎರಡು ಹೆಜ್ಜೆ ಮುಂದೆ ಬಂದ. ಆಗ್ನೆಸ್ ಅವನ ಮುಖ ನೋಡಲೇ ಇಲ್ಲ. ಟೋಪಿ ಹಿಡಿದ ಕೈ ನೋಡಿದಳು. ಬಲ ಹೆಬ್ಬೆರಳಿನ ಸೀಳಿದ ಉಗುರು, ಅಗಲವಾದ ಗಿಣ್ಣು. ಹದಿನೆಂಟು ವರ್ಷದಿಂದ ದಿನಾ ನೋಡಿದ ಕೈ.

"ಈ ಕೈ ನಿನ್ನದಾ?" ಅವಳು ಫೋಟೋವನ್ನು ಆ ಕೈಯ ಪಕ್ಕಕ್ಕೆ ಹಿಡಿದಳು. "ನನ್ನ ಮಗನ ಮೈಮೇಲೆ ಹೆಂಗೆ ಬಂತೋ?"

"ಅವನಿಗೆ ಎರಡೂ ಕೈ ಇರ್ಲಿಲ್ಲ ಕಣಮ್ಮ," ಎಂದ ಸೈಲಸ್. "ಫೋಟೋದಲ್ಲಿ ಕುತ್ತಿಗೆಯಿಂದ ಮೇಲೆ ಅವನು, ಕೆಳಗೆ ನಾನು. ಅಮ್ಮನಿಗೆ ಈ ಸ್ಥಿತೀಲಿ ಕಾಣಿಸ್ಕೊಳ್ಳಲ್ಲ ಅಂತ ಹೆಸ್ಟರ್ ಹತ್ರ ಅತ್ತ. ಅವನೊಬ್ಬನೇ ಅಲ್ಲ. ಕಾಲಿಲ್ಲದೋರಿಗೆ ಕಾಲು, ತೋಳಿಲ್ಲದೋರಿಗೆ ತೋಳು. ಮಂಗಳವಾರ ಮಂಗಳವಾರ ಆ ನೀಲಿ ಬಟ್ಟೆ ಹಾಕ್ಕೊಂಡು ನಾನು ಕೂರ್ತಿದ್ದೆ."

ಲವೀನಿಯಾಳ ಕೈಯಲ್ಲಿದ್ದ ಚಹಾಪಾತ್ರೆ ಮೇಜಿಗೆ ಇಳಿಯಿತು. "ಇಷ್ಟು ವರ್ಷ ಯಾಕೆ ಬಾಯಿ ಬಿಡ್ಲಿಲ್ಲ? ಊರು ಅವಳನ್ನ ಏನೆಲ್ಲ ಅಂತು!"

"ಹೆಸ್ಟರ್ ಬಿಡಬೇಡ ಅಂದ್ರು. ಒಬ್ಬ ತಾಯಿಗೆ ಗೊತ್ತಾದ್ರೆ ಎಲ್ಲ ತಾಯಂದಿರೂ ಗೋಡೆ ಮೇಲಿನ ಫೋಟೋ ಇಳಿಸಿ ನೋಡ್ತಾರೆ, ಅವರಿಗೆ ಉಳಿದಿರೋದು ಅದೊಂದೇ ಅಂದ್ರು. ನನ್ನನ್ನ ಏನು ಬೇಕಾದ್ರೂ ಅನ್ನಲಿ ಅಂದ್ರು."

ಡೋರ್ಕಸ್ ತಟ್ಟೆಯ ಕೇಕನ್ನು ಎರಡು ಮಾಡಿದಳು, ನಾಲ್ಕು ಮಾಡಿದಳು, ತಿನ್ನಲಿಲ್ಲ.

*

ಅಂದು, ಒಂದರಲ್ಲಿ ಕ್ಲೆಮ್‌ನ ಮುಖ, ಇನ್ನೊಂದರಲ್ಲಿ ಸೈಲಸ್‌ನ ಮೈ ಇದ್ದ ಎರಡು ಗಾಜಿನ ನೆಗೆಟಿವ್ ಫಲಕಗಳನ್ನು ಒಂದೇ ಕಾಗದಕ್ಕೆ ಕೂಡಿಸುವುದಕ್ಕೆ ಹೆಸ್ಟರ್‌ಗೆ ಇಡೀ ಒಂದು ದಿನ ಹಿಡಿದಿತ್ತು. ಕೊರಳಪಟ್ಟಿಯ ಬಳಿ ಕೂಡಿಕೆ ಕಾಣದಂತೆ ಚೂಪು ಪೆನ್ಸಿಲಿನಿಂದ ತಿದ್ದಿ ತಿದ್ದಿ ಕಣ್ಣು ಕೆಂಪಾಗಿದ್ದವು. ಆಸ್ಪತ್ರೆಗೆ ತಂದು ಕ್ಲೆಮ್‌ನ ಎದುರು ಹಿಡಿದಳು.

ಅವನು ತುಂಬ ಹೊತ್ತು ನೋಡಿದ. ಆಮೇಲೆ ನಗತೊಡಗಿದ. ತಿಂಗಳಿಂದ ನಗದವನು ಹಾಸಿಗೆ ಅಲ್ಲಾಡುವಂತೆ ನಕ್ಕ.

"ಏನು ತಪ್ಪಾಯ್ತಪ್ಪ?" ಹೆಸ್ಟರ್ ಗಾಬರಿಯಾದಳು. "ಹೇಳು, ತಿದ್ತೀನಿ."

"ತಿದ್ದಬೇಡಿ ಮೇಡಂ. ಹೀಗೇ ಕಳಿಸಿ," ಎಂದ ಕ್ಲೆಮ್. "ನಂಗೆ ಹೇಳೋ ಧೈರ್ಯ ಇಲ್ಲ. ನಮ್ಮಮ್ಮ ನೋಡಿದ ತಕ್ಷಣ ಕಂಡುಹಿಡೀತಾಳೆ."

ಏನನ್ನು ಎಂದು ಹೇಳಲಿಲ್ಲ. ಹೆಸ್ಟರ್‌ಗೆ ಕೊನೆಯವರೆಗೂ ತಿಳಿಯಲಿಲ್ಲ.

*

"ಹಾಗಂದನಾ?" ಆಗ್ನೆಸ್ ಕೇಳಿದಳು. "ಕಂಡುಹಿಡೀತಾಳೆ ಅಂದನಾ?"

"ಹೂಂ. ನಾನೇ ಪಕ್ಕದಲ್ಲಿ ನಿಂತಿದ್ದೆ. ಅವನಿಗೆ ಊಟ ಮಾಡಿಸ್ತಿದ್ದೋನು ನಾನೇ."

"ಕಂಡುಹಿಡಿದೆ. ಅವತ್ತೇ ಹಿಡಿದೆ. ತಪ್ಪಾಗಿ ತಿಳ್ಕೊಂಡೆ ಕಣಪ್ಪ." ಅವಳು ಫೋಟೋವನ್ನು ಮೇಜಿನ ಮೇಲಿಟ್ಟಳು. "ಹಾಗಾದ್ರೆ ಪೆಟ್ಟಿಗೇಲಿ ಬಂದೋನು ಅವನೇ."

"ಅವನೇ ಅಮ್ಮ. ಮಲಗಿಸಿದ್ದು ನಾನೇ."

ಲವೀನಿಯಾ ಕುರ್ಚಿ ಎಳೆದು ಕೊಟ್ಟಳು, ಸೈಲಸ್‌ಗೂ ಒಂದು ಎಳೆದಳು. ಆಗ್ನೆಸ್‌ಗೆ ದುಃಖ ತಡೆಯಲಾಗಲಿಲ್ಲ, ತಡೆಯುವುದಕ್ಕೂ ಹೋಗಲಿಲ್ಲ. ಅತ್ತು ಮುಗಿದ ಮೇಲೆ ಸೈಲಸ್‌ನ ಎಡಗೈಯನ್ನು ಎಳೆದು ತನ್ನ ಮೊಣಕಾಲ ಮೇಲಿಟ್ಟುಕೊಂಡಳು. ಕಿರುಬೆರಳನ್ನು ಮೆಲ್ಲಗೆ ಅರ್ಧಕ್ಕೆ ಒಳಗೆ ಮಡಿಸಿ, ಬಿಚ್ಚಿಕೊಳ್ಳದಂತೆ ಒತ್ತಿ ಹಿಡಿದು, ನೋಡುತ್ತ ಕೂತಳು.