ಸವೆಸುವ ಕೈ

ಹೊಸ ಬಂಗಾರ ಹಳೆಯದಾಗಿ ಕಾಣಬೇಕಾದರೆ ಹೆಂಗಸಿನ ಕೈಯಲ್ಲೇ ಸವೆಯಬೇಕು ಎಂಬುದು ಅಕ್ಕಸಾಲಿಗರಾದ ನನ್ನ ಮಾವನ ಹಟ. ಗಿರಾಕಿಗಳ ಬಳೆಗಳನ್ನು ಆರಾರು ತಿಂಗಳು ನನಗೆ ತೊಡಿಸುತ್ತಾರೆ. ತೊಟ್ಟೇ ಪಾತ್ರೆ ತಿಕ್ಕುತ್ತೇನೆ, ರೊಟ್ಟಿ ಬಡಿಯುತ್ತೇನೆ. ಮಂದಿಯ ಬಂಗಾರ ತೊಟ್ಟು ಹೊಸ್ತಿಲು ದಾಟುವಂತಿಲ್ಲ. ಇಲ್ಲೇ ಜನವಾಡದ ತವರಿಗೆ ಹೋಗಿ ಎರಡು ವರ್ಷವಾಯಿತು.

ಇವತ್ತು ಭಾಲ್ಕಿಯ ಶಶಿಕಲಾಬಾಯಿ ತಮ್ಮ ಬಳೆ ಒಯ್ಯಲು ಬಂದರು. ನಾನು ಬೆಳಿಗ್ಗೆಯೇ ಬ್ಯಾಗು ತುಂಬಿಟ್ಟಿದ್ದೆ.

"ಭಾಳ ಛಂದ ಸವದಾವ್ರಿ," ಎಂದರು ಅವರು. "ಮಹಲ್ ಬಿಟ್ಟು ಹೊರಗ ಬರದ ರಾಣಿ ಬಳೆಗಳಂಗ ಕಾಣ್ತಾವ. ನನ್ನ ಮಗಳಿಗೂ ಇಂಥವೇ ಬೇಕ್ರಿ."

ಅವರು ಹೋದ ಮೇಲೆ ಮಾವ ಕಪಾಟಿನಿಂದ ಹೊಸ ಜೋಡಿ ತೆಗೆದರು.

"ಕೈ ಕೊಡು, ನಾಹೀದ."

ಮದುವೆಯ ಹೊಸದರಲ್ಲಿ ಇದೇ ಅಳತೆಯ ಬಳೆ ಏರಿಸಲು ಸಾಬೂನು ಬೇಕಾಗಿತ್ತು. ಈಗ ತಾವಾಗಿಯೇ ಏರಿದವು.